ಒರೆಸುವುದಕ್ಕೆಂದೇ ಬರೆಯುವ ಬೋರ್ಡು

ವೈಟ್‌ಬೋರ್ಡಿನ ಮೇಲೆ ಅಂಗೈಯಷ್ಟು ದೊಡ್ಡದಾಗಿ ಒಂದು ದ ಬರೆಯಿರಿ. ಅದರ ಹೊಟ್ಟೆಯೊಳಗೆ ಒಂದು ಚುಕ್ಕೆ ಇಡಿ, ಥ ಆಯಿತು. ಚುಕ್ಕೆಯನ್ನು ಬೆರಳಿನಿಂದ ಒರೆಸಿ, ಬುಡದಲ್ಲಿ ಒಂದು ಪುಟ್ಟ ಸೀಳು ಎಳೆಯಿರಿ, ಧ ಆಯಿತು. ಸೀಳನ್ನೂ ಒರೆಸಿದರೆ ಮತ್ತೆ ಅದೇ ದ. ಇಷ್ಟಕ್ಕೆ ಅರ್ಧ ನಿಮಿಷವೂ ಬೇಡ. ಪುಸ್ತಕದಲ್ಲಿ ದ, ಥ, ಧ ಮೂರು ಬೇರೆ ಬೇರೆ ಮನೆಗಳಲ್ಲಿ ಕೂತಿರುತ್ತವೆ. ಮಗು ಅವನ್ನು ಮೂರು ಚಿತ್ರಗಳೆಂದು ಬಾಯಿಪಾಠ ಮಾಡುತ್ತದೆ, ಆಮೇಲೆ ಗೊಂದಲ ಮಾಡಿಕೊಳ್ಳುತ್ತದೆ. ಬೋರ್ಡಿನಲ್ಲಿ ಇರುವುದು ಒಂದೇ ಅಕ್ಷರ, ಎರಡು ಬದಲಾವಣೆ. ಬದಲಾವಣೆ ಮಾಡಿದ್ದು ಮಗುವಿನದೇ ಬೆರಳು.

ವೈಟ್‌ಬೋರ್ಡಿನ ಪ್ರಯೋಜನ ಇರುವುದು ಇಲ್ಲೇ. ಬಣ್ಣಬಣ್ಣದ ಮಾರ್ಕರ್ ಇದೆ, ದೊಡ್ಡ ಜಾಗ ಇದೆ ಎಂಬುದೆಲ್ಲ ಮೊದಲ ವಾರದ ಆಕರ್ಷಣೆ. ಕಾಗದದಲ್ಲಿ ಮಾಡುವುದನ್ನೇ ಬೋರ್ಡಿನಲ್ಲೂ ಮಾಡಿಸಿದರೆ ಎರಡನೇ ವಾರಕ್ಕೆ ಅದು ಗೋಡೆಗೆ ಆನಿಸಿಟ್ಟ ಇನ್ನೊಂದು ಸಾಮಾನು ಅಷ್ಟೇ. ಒರೆಸುವುದೇ ಕೆಲಸದ ಭಾಗವಾಗಿರುವಂಥ ಚಟುವಟಿಕೆಗಳನ್ನು ಬೋರ್ಡಿಗೆ ಇಟ್ಟುಕೊಂಡು, ಉಳಿದದ್ದನ್ನು ಪುಸ್ತಕಕ್ಕೆ ಬಿಡುವುದು ಒಳ್ಳೆಯದು.

ಅಕ್ಷರದ ಕಡೆಯಿಂದಲೇ ಮುಂದುವರಿಯೋಣ, ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ರ ಒಳಗೆ ಚುಕ್ಕೆ ಇಟ್ಟರೆ ಠ. ಡ ಬುಡ ಸೀಳಿದರೆ ಢ. ಪ ಬುಡ ಸೀಳಿದರೆ ಫ, ಹೊಟ್ಟೆ ಸೀಳಿದರೆ ಷ. ಆದರೆ ಬ ಮತ್ತು ಭ ಜೋಡಿಯಲ್ಲಿ ಈ ಜಾಣತನ ಪೂರ್ತಿ ನಡೆಯುವುದಿಲ್ಲ: ಬ ಅಕ್ಷರಕ್ಕೆ ತಲೆಕಟ್ಟಿಲ್ಲ, ಭ ಅಕ್ಷರಕ್ಕೆ ಇದೆ. ಅದನ್ನು ಮುಚ್ಚಿಡದೆ, 'ಇಲ್ಲಿ ಎರಡು ಬದಲಾವಣೆ ಬೇಕು, ಯಾವುವು ಹುಡುಕು' ಎಂದು ಮಗುವಿಗೇ ಬಿಟ್ಟರೆ ಅದೇ ಒಂದು ಆಟ.

ಮುಂದಿನ ಹೆಜ್ಜೆ ಒತ್ತು. ಕತ್ತೆ ಎಂದು ಬರೆದು ಓದಿಸಿ. ತ ಕೆಳಗಿನ ಒತ್ತನ್ನು ಮಗು ಬೆರಳಲ್ಲಿ ಒರೆಸಲಿ, ಈಗ ಓದಲಿ: ಕತೆ. ಬಳ್ಳಿ ಬಳಿಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ, ಗಿಡ್ಡ ಗಿಡವಾಗುತ್ತದೆ, ದಡ್ಡ ದಡವಾಗುತ್ತದೆ, ಎಲ್ಲೆ ಎಲೆಯಾಗುತ್ತದೆ. ಒತ್ತು ಬಿಟ್ಟು ಬರೆಯುವ ಮಕ್ಕಳಿಗೆ 'ಒತ್ತು ಹಾಕು, ಒತ್ತು ಹಾಕು' ಎಂದು ಹತ್ತು ಸಲ ಹೇಳುವುದಕ್ಕಿಂತ, ಒತ್ತು ಹೋದರೆ ಕತ್ತೆಯೇ ಓಡಿಹೋಗುತ್ತದೆ ಎಂದು ಒಮ್ಮೆ ತೋರಿಸುವುದು ಮನಸ್ಸಿಗೆ ನಾಟುತ್ತದೆ. ಇಳಿಗೂ ಇದೇ ದಾರಿ: ಬಲ ಬಾಲ, ನಡು ನಾಡು, ಮನ ಮಾನ. ಇಲ್ಲಿ ಮಾತ್ರ ತಿರುವುಮುರುವು, ಒರೆಸುವ ಬದಲು ಸೇರಿಸುವುದು. ತಲೆಕಟ್ಟಿರುವ ಅಕ್ಷರಕ್ಕೆ ಇಳಿ ಸೇರಿಸುವಾಗ ತಲೆಕಟ್ಟಿನ ತುದಿಯನ್ನು ಸ್ವಲ್ಪ ಒರೆಸಿಯೇ ಮುಂದಕ್ಕೆಳೆಯಬೇಕು ಎಂಬುದನ್ನೂ ಮಗು ಆಗಲೇ ಗಮನಿಸುತ್ತದೆ.

ಐದಾರು ತಿಂಗಳು ಓದಿ ಪಳಗಿದ ಮಗುವಿಗೆ ಪದದ ಏಣಿ ಹಾಕಬಹುದು. ಒಂದು ಪದ ಬರೆದು, ಒಂದು ಸಲಕ್ಕೆ ಒಂದೇ ಗುರುತು ಬದಲಿಸುತ್ತ ಹೋಗುವುದು. ಮರ, ಸರ, ಸರಿ, ಮರಿ, ಮರೆ, ಕರೆ, ಕೆರೆ, ನೆರೆ, ತೆರೆ, ತೊರೆ, ಹೊರೆ, ಹೊರ. ಎರಡೇ ಅಕ್ಷರದ ಜಾಗದಲ್ಲಿ ಹನ್ನೆರಡು ಪದ ಬಂತು. ಪ್ರತಿ ಸಲವೂ ಪೂರ್ತಿ ಪದವನ್ನು ಜೋರಾಗಿ ಓದಿಸಬೇಕು, ಬದಲಾದ ಅಕ್ಷರವನ್ನು ಮಾತ್ರ ಅಲ್ಲ. ಇಲ್ಲದಿದ್ದರೆ ಮಗು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿ ಹೇಳಲು ಶುರುಮಾಡುತ್ತದೆ, ಅದು ಆಮೇಲೆ ಬಿಡಿಸಲು ಕಷ್ಟದ ಚಾಳಿ.

ಬೆರಳಲ್ಲಿ ಒರೆಸುವ ಈ ಎಲ್ಲ ಆಟಕ್ಕೂ ಒಂದು ಷರತ್ತಿದೆ. ಬರೆದ ಕೂಡಲೇ ಒರೆಸಿದರೆ ಇಂಕು ಹಸಿಯಾಗಿರುತ್ತದೆ, ಮೆತ್ತಿಕೊಂಡು ಬೂದು ಕಲೆಯಾಗುತ್ತದೆ, ಪಕ್ಕದ ಅಕ್ಷರವನ್ನೂ ಎಳೆದುಕೊಳ್ಳುತ್ತದೆ. ಹತ್ತು ಸೆಕೆಂಡು ಕಾದರೆ ಒಣಗಿ ಪುಡಿಯಂತೆ ಎದ್ದುಬರುತ್ತದೆ. ಆ ಹತ್ತು ಸೆಕೆಂಡನ್ನು ಓದಿಸುವುದಕ್ಕೆ ಬಳಸಿಕೊಂಡರಾಯಿತು.

ಕಳೆಯುವ ಲೆಕ್ಕ, ನಿಜವಾಗಿಯೂ ಕಳೆದು

ಗಣಿತದಲ್ಲಿ ಮಕ್ಕಳು ಮೊದಲ ಸಲ ಮುಗ್ಗರಿಸುವ ಜಾಗ ಹತ್ತು ಸಾಲ ತಂದು ಕಳೆಯುವುದು. 52ರಲ್ಲಿ 27 ಕಳೆ ಎಂದರೆ, 2ರಲ್ಲಿ 7 ಹೋಗಲ್ಲ ಎಂದು ತಿರುಗಿಸಿ 7ರಲ್ಲಿ 2 ಕಳೆದು 35 ಎಂದು ಬರೆದುಬಿಡುತ್ತಾರೆ. ಸಂಖ್ಯೆಯ ಮೇಲೆ ಗೀಟು ಹಾಕಿ ಪಕ್ಕದಲ್ಲಿ ಸಣ್ಣದಾಗಿ 4 ಬರೆಯುವ ಕ್ರಮ ಕಲಿತ ಮೇಲೂ ಅದು ಏಕೆ ಎಂದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ.

ಬೋರ್ಡನ್ನು ನಡುವೆ ಒಂದು ಗೀಟಿನಿಂದ ಭಾಗ ಮಾಡಿ, ಎಡಕ್ಕೆ ಹತ್ತು, ಬಲಕ್ಕೆ ಬಿಡಿ ಎಂದು ಬರೆಯಿರಿ. 52ಕ್ಕೆ ಎಡದಲ್ಲಿ 5 ಉದ್ದ ಕಡ್ಡಿ, ಬಲದಲ್ಲಿ 2 ಚುಕ್ಕೆ. ಈಗ 7 ಚುಕ್ಕೆ ಒರೆಸಬೇಕು, ಇರುವುದು ಎರಡೇ. ಮಗು ಒಂದು ಕಡ್ಡಿಯನ್ನು ಒರೆಸಿ, ಅದರ ಬದಲಿಗೆ ಬಲದಲ್ಲಿ 10 ಚುಕ್ಕೆ ಇಡಲಿ. ಕಡ್ಡಿ 4, ಚುಕ್ಕೆ 12. ಎಷ್ಟಾಯಿತು ಎಂದು ಇಲ್ಲಿ ನಿಲ್ಲಿಸಿ ಕೇಳಲೇಬೇಕು. ಉತ್ತರ ಇನ್ನೂ 52 ಎಂದು ಬರಬೇಕು. ಏನೂ ಕಳೆದಿಲ್ಲ, ಚಿಲ್ಲರೆ ಮಾಡಿಸಿಕೊಂಡಿದ್ದೇವೆ ಅಷ್ಟೇ. ಆಮೇಲೆ 7 ಚುಕ್ಕೆ ಒರೆಸಿ, 2 ಕಡ್ಡಿ ಒರೆಸಿ. ಉಳಿದದ್ದು 2 ಕಡ್ಡಿ 5 ಚುಕ್ಕೆ, 25. ಚುಕ್ಕೆಗಳನ್ನು ಐದೈದರ ಎರಡು ಸಾಲಾಗಿ ಇಡಿಸಿ, ಚೆಲ್ಲಾಪಿಲ್ಲಿ ಇಟ್ಟರೆ ಎಣಿಕೆಯಲ್ಲೇ ತಪ್ಪಿ, ತಪ್ಪಿದ್ದು ಎಲ್ಲಿ ಎಂದು ಗೊತ್ತಾಗುವುದಿಲ್ಲ. ನಾಲ್ಕೈದು ಲೆಕ್ಕ ಹೀಗೆ ಮಾಡಿದ ಮೇಲೆ, ಕಡ್ಡಿ ಚುಕ್ಕೆಯ ಪಕ್ಕದಲ್ಲೇ ಸಂಖ್ಯೆಯನ್ನೂ ಬರೆಸಿ, ಕಡ್ಡಿ ಒರೆಸಿದಾಗಲೆಲ್ಲ 5 ಒರೆಸಿ 4 ಬರೆಯಲಿ. ಪುಸ್ತಕದ ಗೀಟು ಯಾವುದಕ್ಕೆ ಎಂಬುದು ಅಲ್ಲಿಗೆ ತಾನಾಗಿ ಹೊಳೆಯುತ್ತದೆ.

ಗುಣಾಕಾರಕ್ಕೆ ಆಯತ ಬರೆಯುವುದು ಅನುಕೂಲ. 14×6 ಎಂದರೆ ಒಂದು ಉದ್ದ ಆಯತ, ಅದನ್ನು 10 ಮತ್ತು 4 ಎಂದು ಒಡೆದು ಗೀಟು, ಒಂದರಲ್ಲಿ 60, ಇನ್ನೊಂದರಲ್ಲಿ 24, ಒಟ್ಟು 84. ಗೀಟನ್ನು ಒರೆಸಿ ಬೇರೆ ಕಡೆ, 7 ಮತ್ತು 7 ಎಂದು ಒಡೆದರೂ 42 ಮತ್ತು 42, ಅದೇ 84. ಗೀಟು ಸರಿಸಿದರೂ ಉತ್ತರ ಸರಿಯುವುದಿಲ್ಲ ಎಂದು ನೋಡಿದ ಮಗು ಮುಂದೆ ಬಾಯಿಲೆಕ್ಕಕ್ಕೆ ತನಗೆ ಸುಲಭವಾದ ಕಡೆ ಒಡೆದುಕೊಳ್ಳುತ್ತದೆ.

ಮಗ್ಗಿಗೆ ಮಾಯವಾಗುವ ಬೋರ್ಡು ಎಂಬ ಆಟ. 7ರ ಮಗ್ಗಿ ಪೂರ್ತಿ ಬರೆದು ಒಮ್ಮೆ ಓದಿಸಿ. ಒಂದು ಉತ್ತರ ಒರೆಸಿ, ಮತ್ತೆ ಮೊದಲಿನಿಂದ ಓದಿಸಿ. ಇನ್ನೊಂದು ಒರೆಸಿ, ಮತ್ತೆ. ಕೊನೆಗೆ ಬೋರ್ಡು ಖಾಲಿ, ಮಗ್ಗಿ ಬಾಯಲ್ಲಿ. ಒರೆಸುವ ಕ್ರಮವೇ ಇಲ್ಲಿ ಗುಟ್ಟು: ಮೊದಲು 7×1, 7×10, 7×5ರಂಥ ಸುಲಭದವು ಹೋಗಲಿ, 7×6, 7×7, 7×8 ಕೊನೆಯವರೆಗೆ ಇರಲಿ. ಅವು ಹೆಚ್ಚು ಸಲ ಕಣ್ಣಿಗೆ ಬೀಳಬೇಕಾದವು. ಪದ್ಯಕ್ಕೂ ಇದೇ ಕ್ರಮ. ಆದರೆ ಪದ್ಯದಲ್ಲಿ ಸಾಲಿನ ಮೊದಲ ಪದವನ್ನು ಕಡೆಗೆ ಒರೆಸಬೇಕು, ಅದು ಹೋದರೆ ಇಡೀ ಸಾಲಿನ ಎಳೆಯೇ ಕೈತಪ್ಪುತ್ತದೆ.

ಕೆಳಗೊಂದು ಕಾಗದ, ಮೇಲೊಂದು ಪಾರದರ್ಶಕ ಹಾಳೆ

ಗೋಡೆಯ ಬೋರ್ಡಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಎ4 ಗಾತ್ರದ, ತೊಡೆಯ ಮೇಲೆ ಇಟ್ಟುಕೊಳ್ಳುವ ಸಣ್ಣ ಬೋರ್ಡು. ಅದನ್ನು ಕೊಳ್ಳದೆಯೂ ಮಾಡಿಕೊಳ್ಳಬಹುದು. ಫೈಲಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಪಾಕೆಟ್ ಒಂದು, ಅದರೊಳಗೆ ಗಟ್ಟಿ ಬಿಳಿ ರಟ್ಟು ಒಂದು, ಅಷ್ಟೇ. ಪಾಕೆಟ್ ಹೊಳಪಿನದಾಗಿರಬೇಕು. ಮಸುಕು ಮೈಯ ಪಾಕೆಟ್ಟಿನಲ್ಲಿ ಇಂಕು ತರಿಯೊಳಗೆ ಕೂತು ಒರೆಸಿದರೂ ಹೋಗುವುದಿಲ್ಲ. ಲ್ಯಾಮಿನೇಶನ್ ಮಾಡಿಸುವುದಾದರೂ ಇದೇ ಮಾತು, ಹೊಳಪಿನದೇ ಹೇಳಿ. ಮೂಲೆಯಲ್ಲಿ ಒಂದು ಗೀಟೆಳೆದು, ಐದು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ ನೋಡಿದರೆ ಯಾವ ಮೈ ನಡೆಯುತ್ತದೆ ಎಂದು ತಿಳಿಯುತ್ತದೆ.

ಪಾಕೆಟ್ಟಿನ ನಿಜವಾದ ಲಾಭ ಬೇರೆ. ಒಳಗಿನ ಕಾಗದದಲ್ಲಿ ಏನನ್ನಾದರೂ ಬರೆದಿಡಬಹುದು. ಮೇಲೆ ಬರೆದದ್ದು ಒರೆಸಿ ಹೋಗುತ್ತದೆ, ಕೆಳಗಿನದು ಉಳಿಯುತ್ತದೆ. ಭಿನ್ನರಾಶಿಗೆ ಇದು ಬಲು ಉಪಯುಕ್ತ. ಒಂದು ಆಯತದ ಅರ್ಧಕ್ಕೆ ಬಣ್ಣ ತುಂಬಿ ಒಳಗಿಡಿ. ಮೇಲೆ ಅಡ್ಡಕ್ಕೆ ಸರಿಯಾಗಿ ನಡುವೆ ಒಂದು ಗೀಟೆಳೆದರೆ ನಾಲ್ಕರಲ್ಲಿ ಎರಡು, ಅದನ್ನು ಒರೆಸಿ ಸಮ ಅಂತರದಲ್ಲಿ ಎರಡು ಗೀಟೆಳೆದರೆ ಆರರಲ್ಲಿ ಮೂರು. ಗೀಟುಗಳನ್ನು ಒರೆಸಿದರೆ ಮತ್ತೆ ಅರ್ಧ. ಬಣ್ಣದ ಜಾಗ ಒಂದಿಷ್ಟೂ ಬದಲಾಗಲಿಲ್ಲ. ಇದನ್ನೇ ಬೋರ್ಡಿನ ಮೇಲೆ ನೇರ ಮಾಡಿದರೆ ಗೀಟು ಒರೆಸುವಾಗ ಬಣ್ಣವೂ ಹೋಗಿ ಪಾಠ ಕೆಡುತ್ತದೆ.

ಗಡಿಯಾರದ ಮುಖ ಒಳಗಿಟ್ಟು ಮುಳ್ಳುಗಳನ್ನು ಮೇಲೆ ಬರೆಸಿ. ಮೂರೂವರೆ ಎಂದರೆ ಬಹಳ ಮಕ್ಕಳು ದೊಡ್ಡ ಮುಳ್ಳನ್ನು 6ಕ್ಕೆ ಸರಿಯಾಗಿ ಇಟ್ಟು, ಚಿಕ್ಕ ಮುಳ್ಳನ್ನು ನೆಟ್ಟಗೆ 3ರ ಮೇಲೆ ಇಡುತ್ತಾರೆ. ಆಗ 'ಮೂರು ಗಂಟೆಗೆ ಎಲ್ಲಿತ್ತು? ನಾಲ್ಕಕ್ಕೆ ಎಲ್ಲಿರುತ್ತದೆ? ಅರ್ಧ ದಾರಿಯಲ್ಲಿ?' ಎಂದು ಕೇಳಿ, ಚಿಕ್ಕ ಮುಳ್ಳನ್ನು ಒರೆಸಿ ಅವರೇ ಸರಿಸಲಿ. ನಕ್ಷೆ, ಹೂವಿನ ಭಾಗಗಳು, ಹಲ್ಲಿನ ಚಿತ್ರ, ಹೆಸರು ಬರೆಯಬೇಕಾದ ಯಾವುದನ್ನೂ ಹೀಗೆ ಒಳಗಿಟ್ಟು ಹತ್ತು ಸಲ ಬಳಸಬಹುದು.

ಅಕ್ಷರ ತಿದ್ದಿಸುವ ಗೆರೆಹಾಳೆಯನ್ನು ನೀವೇ ಹಾಕಿಕೊಳ್ಳಿ. ಇಂಗ್ಲಿಷಿನ ನಾಲ್ಕು ಗೆರೆ ಕನ್ನಡಕ್ಕೆ ಒಗ್ಗುವುದಿಲ್ಲ, ಒತ್ತಕ್ಷರ ಇಳಿಯಲು ಅದರಲ್ಲಿ ಸಾಲದಷ್ಟು ಜಾಗ. ಐದು ವರ್ಷದ ಮಗುವಿಗೆ ಮುಖ್ಯ ಅಕ್ಷರಕ್ಕೆ 3 ಸೆಂಟಿಮೀಟರ್, ಗುಡಿಸು, ಏತ್ವಗಳಿಗೆ ಮೇಲೆ 1, ಒತ್ತಿಗೆ ಕೆಳಗೆ 2, ಹೀಗೆ ಒಂದು ಸಾಲಿಗೆ 6 ಸೆಂಟಿಮೀಟರ್. ಎ4 ಹಾಳೆಯನ್ನು ಅಡ್ಡ ಹಿಡಿದರೆ ಎತ್ತರ 21, ಮೂರು ಸಾಲು ಸಲೀಸಾಗಿ ಹಿಡಿಯುತ್ತದೆ. ಮುಖ್ಯ ಅಕ್ಷರದ ಪಟ್ಟಿಗೆ ತೆಳು ಹಳದಿ ಬಣ್ಣ ಬಳಿದರೆ ಎಲ್ಲಿ ನಿಲ್ಲಿಸಬೇಕು ಎಂದು ಹೇಳಬೇಕಾಗಿಲ್ಲ.

ಇಲ್ಲೊಂದು ಎಚ್ಚರ. ಬೋರ್ಡಿನ ಮೈ ಜಾರು. ಸ್ಲೇಟಿನ ಮೇಲೆ ಬಳಪ ಕರಕರ ಎಂದು ತಡೆದು ಕೈಗೆ ಸುದ್ದಿ ಮುಟ್ಟಿಸುತ್ತಿತ್ತು, ಪೆನ್ಸಿಲ್ ಕಾಗದವನ್ನು ಸ್ವಲ್ಪ ಕಚ್ಚುತ್ತದೆ, ಮಾರ್ಕರ್ ಮಾತ್ರ ಮಂಜುಗಡ್ಡೆಯ ಮೇಲೆ ಹೋದಂತೆ ಹೋಗುತ್ತದೆ. ತಿರುವುಗಳು ಅಗತ್ಯಕ್ಕಿಂತ ದೊಡ್ಡದಾಗುತ್ತವೆ, ಸುಳಿಗಳು ಮುಚ್ಚುವುದಿಲ್ಲ. ಮಾರ್ಕರ್ ದಪ್ಪವಿರುವುದರಿಂದ ಹಿಡಿತವೂ ಪೆನ್ಸಿಲ್ಲಿನದಲ್ಲ. ಅಕ್ಷರದ ಆಕಾರ, ಎಲ್ಲಿಂದ ಶುರು, ಯಾವ ಕಡೆ ತಿರುವು ಎಂಬುದನ್ನು ಕಲಿಯಲು ಬೋರ್ಡು ಸರಿ. ದುಂಡಗೆ ಬರೆಯುವ ಅಭ್ಯಾಸಕ್ಕೆ ಕಾಗದವೇ ಬೇಕು. ಬೋರ್ಡಿನಲ್ಲೇ ಎಲ್ಲ ಬರೆಸಿ, ಆಮೇಲೆ 'ಕೈಬರಹ ಕೆಟ್ಟಿತು' ಎನ್ನುವುದು ಬೋರ್ಡಿಗೆ ಮಾಡುವ ಅನ್ಯಾಯ.

ಗೋಡೆಯ ಬೋರ್ಡಿನಲ್ಲಿ ನಿಂತು ಬರೆಯುವುದಕ್ಕೆ ಅದರದೇ ಲಾಭವಿದೆ: ಮಣಿಕಟ್ಟು ಹಿಂದಕ್ಕೆ ಬಾಗಿ ನಿಲ್ಲುತ್ತದೆ, ಭುಜದಿಂದ ಇಡೀ ತೋಳು ಆಡುತ್ತದೆ. ಬೆರಳಿನ ಬಲ ಇನ್ನೂ ಕೂಡದ 4, 5 ವರ್ಷದವರಿಗೆ ಒಳ್ಳೆಯದು. 60×90 ಸೆಂಟಿಮೀಟರ್ ಬೋರ್ಡು ಇಬ್ಬರಿಗೆ ಸಾಕು. 110 ಸೆಂಟಿಮೀಟರ್ ಎತ್ತರದ ಮಗುವಿಗೆ ಕೆಳ ಅಂಚು ನೆಲದಿಂದ 60ಕ್ಕೆ, ಮೇಲಂಚು 120ಕ್ಕೆ ಬಂದರೆ ಕೈ ಚಾಚದೆ, ಬಗ್ಗದೆ ಎಲ್ಲ ಕಡೆ ಎಟುಕುತ್ತದೆ. ದೊಡ್ಡವರ ಕಣ್ಣಿನ ಎತ್ತರಕ್ಕೆ ಬಡಿದರೆ ಅದು ದೊಡ್ಡವರ ಬೋರ್ಡು, ಮಗು ಅಲ್ಲಿ ಪ್ರೇಕ್ಷಕ. ಮಕ್ಕಳು ಬೋರ್ಡಿಗೆ ಒರಗುತ್ತಾರೆ, ಅಂಚು ಹಿಡಿದು ಜಗ್ಗುತ್ತಾರೆ, ಆದ್ದರಿಂದ ಎರಡು ಕಡೆ ಅಂಟುವ ಟೇಪು ನಂಬಬೇಡಿ, ನಾಲ್ಕೂ ಮೂಲೆಗೆ ಸ್ಕ್ರೂ ಹಾಕಿಸಿ. ಕಿಟಕಿಯ ಎದುರು ಗೋಡೆ ಬೇಡ, ಬೆಳಕು ಮಿಂಚಿ ಓದಲಾಗದು. ಪಕ್ಕದ ಗೋಡೆ ಸರಿ.

ಎಡಗೈಯಲ್ಲಿ ಬರೆಯುವ ಮಕ್ಕಳ ಕಷ್ಟ ಬೇರೆ: ಬರೆಯುತ್ತ ಹೋದಂತೆ ಅಂಗೈಯ ಅಂಚು ಬರೆದದ್ದನ್ನೆಲ್ಲ ಒರೆಸಿಕೊಂಡೇ ಬರುತ್ತದೆ. ಕಾಗದದಲ್ಲಿ ಸ್ವಲ್ಪ ಮಸಿಯಾಗುವುದು ಇಲ್ಲಿ ಪದವೇ ಮಾಯ. ಸಣ್ಣ ಬೋರ್ಡನ್ನು ಮೇಜಿನ ಮೇಲೆ ಮಲಗಿಸದೆ ಓರೆಯಾಗಿ ನಿಲ್ಲಿಸಿ, ಮೇಲಿನ ಬಲ ಮೂಲೆ ಸ್ವಲ್ಪ ಕೆಳಗಿಳಿಯುವಂತೆ ತಿರುಗಿಸಿ ಕೊಡಿ, ಕೈ ಸಾಲಿನ ಕೆಳಗೆ ಉಳಿಯುತ್ತದೆ. ಗೋಡೆಯ ಬೋರ್ಡಿನಲ್ಲಿ ಕೈ ಊರದೆ ಬರೆಯುವುದರಿಂದ ಈ ತೊಂದರೆ ಕಡಿಮೆ.

ಆಟಗಳು

ಎರಡು ಸಣ್ಣ ಬೋರ್ಡು ಇದ್ದರೆ ಅರ್ಧ ಆಟ ಅಲ್ಲೇ ಸಿದ್ಧ. ಪ್ರಶ್ನೆ ಕೇಳಿ, ಇಬ್ಬರೂ ಬೋರ್ಡನ್ನು ಎದೆಗವುಚಿಕೊಂಡು ಬರೆಯಲಿ, 'ಒಂದು, ಎರಡು, ಮೂರು' ಎಂದಾಗ ಒಟ್ಟಿಗೆ ತಿರುಗಿಸಿ ತೋರಿಸಲಿ. ಬಾಯಲ್ಲಿ ಕೇಳಿದರೆ ಚುರುಕಾದವನು ಹೇಳಿ ಮುಗಿಸುತ್ತಾನೆ, ಇನ್ನೊಬ್ಬಳು ಹೌದೆಂದು ತಲೆಯಾಡಿಸುತ್ತಾಳೆ, ಅವಳಿಗೆ ಗೊತ್ತಿತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಬೋರ್ಡಿನಲ್ಲಿ ಇಬ್ಬರ ಉತ್ತರವೂ ಕಾಣುತ್ತದೆ. ಒಂದೇ ಮಗುವಾದರೆ ಎರಡನೇ ಬೋರ್ಡು ನಿಮ್ಮದು, ಆಗಾಗ ನೀವು ತಪ್ಪು ಬರೆಯಬೇಕು. ಆ ತಪ್ಪೂ ಯೋಚಿಸಿ ಬರೆದ ತಪ್ಪಾಗಿರಲಿ: 6×8ಕ್ಕೆ 100 ಎಂದರೆ ನಗು ಬರುತ್ತದೆ, 46 ಎಂದರೆ ಮಗು ನಿಜವಾಗಿ ಲೆಕ್ಕ ಹಾಕುತ್ತದೆ.

ಅಕ್ಷರ ಕಲಿಯುವವರಿಗೆ ಒರೆಸುವ ಆಟ. ಆರು ಅಕ್ಷರ ಚದುರಿಸಿ ಬರೆಯಿರಿ, ನೀವು ಹೇಳಿದ್ದನ್ನು ಮಗು ಒರೆಸಲಿ. ಬರೆಯಲು ಬಾರದ ಅಕ್ಷರವನ್ನೂ ಗುರುತಿಸಲು ಬರುತ್ತದೆಯೇ ಎಂದು ಇಲ್ಲಿ ಗೊತ್ತಾಗುತ್ತದೆ. ಮೊದಲು ದೂರದೂರದ ಆಕಾರದವು, ಉದಾಹರಣೆಗೆ ಗ, ಟ, ಮ, ಜ. ಪಳಗಿದ ಮೇಲೆ ವ, ಪ, ಮ ಒಟ್ಟಿಗೆ. ಬಳಿಕ ಪಾತ್ರ ಬದಲಿಸಿ, ಮಗು ಹೇಳಲಿ, ನೀವು ಒರೆಸಿ.

ಗಾಳಿಪಟದ ಆಟ ಪದ ಊಹಿಸುವುದಕ್ಕೆ. ಏಳು ಗಂಟಿನ ಬಾಲವಿರುವ ಗಾಳಿಪಟ ಬರೆಯಿರಿ. ಮನಸ್ಸಿನಲ್ಲಿ ಒಂದು ಪದ ಇಟ್ಟುಕೊಂಡು ಅಕ್ಷರಕ್ಕೊಂದು ಗೆರೆ ಹಾಕಿ. ತಪ್ಪು ಊಹೆಗೆ ಒಂದು ಗಂಟು ಒರೆಸಿ. ಕನ್ನಡದಲ್ಲಿ ಇದನ್ನು ಆಡುವಾಗ ನಿಯಮ ಮೊದಲೇ ಗೊತ್ತುಮಾಡಿಕೊಳ್ಳಬೇಕು: 'ಕ' ಎಂದು ಊಹಿಸಿದರೆ ಕಿ, ಕೊ ಕೂಡ ತೋರಿಸುವುದೋ, ಇಲ್ಲವೋ? ಚಿಕ್ಕವರಿಗೆ ತೋರಿಸಿ, ಗುಣಿತದ ಗುರುತನ್ನು ಮಾತ್ರ ಬಿಟ್ಟು. ಇಲ್ಲದಿದ್ದರೆ ಊಹೆಗಳು ಮುಗಿಯುವುದೇ ಇಲ್ಲ, ಗಾಳಿಪಟ ಬಾಲವಿಲ್ಲದೆ ಬೀಳುತ್ತದೆ. ಒತ್ತು ಇರುವ ಕಡೆ ಗೆರೆಯ ಕೆಳಗೆ ಇನ್ನೊಂದು ಸಣ್ಣ ಗೆರೆ.

ಎಂಟು ಹತ್ತು ವರ್ಷದವರಿಗೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ನೆನಪಿನ ಬೋರ್ಡು, ಅದು ಆಟದಂತೆ ಕಾಣದಿದ್ದರೂ. ಪುಸ್ತಕ ಮುಚ್ಚಿ, ಮೂರು ನಿಮಿಷಕ್ಕೆ ಅಲಾರಂ ಇಟ್ಟು, ಓದಿದ ಪಾಠದಿಂದ ನೆನಪಾದದ್ದನ್ನೆಲ್ಲ ನೀಲಿಯಲ್ಲಿ ಬರೆಯಲಿ, ಪದ, ಚಿತ್ರ, ಬಾಣ ಏನಾದರೂ ಸರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ಸೇರಿಸಲಿ. ಒರೆಸುವ ಮುನ್ನ ಒಂದು ಫೋಟೊ. ಎರಡು ದಿನ ಬಿಟ್ಟು ಅದೇ ಪಾಠಕ್ಕೆ ಮತ್ತೆ ಖಾಲಿ ಬೋರ್ಡು. ಕೆಂಪು ಕಡಿಮೆಯಾಗಿದೆಯೇ ಎಂದು ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಮಗುವಿಗೇ ಕಾಣುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಕಾಲ ನಿಲ್ಲುತ್ತದೆ. ತಪ್ಪು ಬರೆದರೆ ಒರೆಸಬಹುದು ಎಂಬ ಧೈರ್ಯಕ್ಕೆ ಮಕ್ಕಳು ಕಾಗದಕ್ಕಿಂತ ಬೋರ್ಡಿನಲ್ಲಿ ಬೇಗ ಕೈ ಹಾಕುತ್ತಾರೆ.

ಯಾವ ಆಟವಾದರೂ 10 ರಿಂದ 15 ನಿಮಿಷ. ಅದಕ್ಕಿಂತ ಮುಂದೆ ಮಾರ್ಕರ್ ಮೂಗಿನ ಮೇಲೆ ಮೀಸೆ ಬರೆಯಲು ಹೊರಡುತ್ತದೆ.

ಮಾರ್ಕರ್, ಕಲೆ, ಒರೆಸುವ ಬಟ್ಟೆ

ವೈಟ್‌ಬೋರ್ಡ್ ಮಾರ್ಕರಿನ ಇಂಕಿನಲ್ಲಿ ಬಣ್ಣದ ಪುಡಿ, ಬೇಗ ಆರುವ ಆಲ್ಕೋಹಾಲಿನಂಥ ದ್ರಾವಕ, ಪುಡಿಯನ್ನು ಹಿಡಿದಿಡುವ ಅಂಟು ಇವುಗಳ ಜೊತೆಗೆ ಎಣ್ಣೆಯಂಥ ಒಂದು ವಸ್ತು ಇರುತ್ತದೆ. ಬಣ್ಣ ಮೈಗೆ ಕಚ್ಚದಂತೆ ತಡೆಯುವುದು ಈ ಎಣ್ಣೆ. ಬರೆದದ್ದನ್ನು ದಿನಗಟ್ಟಲೆ ಬಿಟ್ಟರೆ ಇಂಕು ಪೂರ್ತಿ ಒಣಗಿ ಬೋರ್ಡಿಗೆ ಹಿಡಿದುಕೊಳ್ಳುತ್ತದೆ, ಒರೆಸಿದರೂ ನೆರಳಿನಂತೆ ಉಳಿಯುತ್ತದೆ. ಆದ್ದರಿಂದ ವೇಳಾಪಟ್ಟಿ, ತಿಂಗಳ ಕ್ಯಾಲೆಂಡರಿನಂಥ ವಾರಗಟ್ಟಲೆ ಇರುವ ಸಂಗತಿಗಳನ್ನು ಇದರಲ್ಲಿ ಬರೆಯಬೇಡಿ. ಗೆರೆ, ಮನೆ ಬೇಕಾದರೆ ತೆಳು ಬಣ್ಣದ ಟೇಪು ಅಂಟಿಸಿ.

ನೆರಳು ಬಿದ್ದ ಕಡೆ ಅದೇ ಮಾರ್ಕರಿನಿಂದ ಮೇಲೆ ತಿದ್ದಿ, ಐದು ಸೆಕೆಂಡಿಗೆ ಒರೆಸಿದರೆ ಹೊಸ ಇಂಕಿನ ದ್ರಾವಕ ಹಳೆಯದನ್ನು ಕರಗಿಸಿ ಎತ್ತುತ್ತದೆ. ಯಾರೋ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟರೂ ಮೊದಲು ಮಾಡಬೇಕಾದ್ದು ಇದನ್ನೇ. ಎರಡು ಮೂರು ಸಲದಲ್ಲಿ ಹೋಗದಿದ್ದರೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಚ್ಚಿ, ಬೋರ್ಡಿಗೆ ಸುರಿಯದೆ, ಒರೆಸಿ. ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಬಾಟಲಿ ಬೇಡ. ಪಾತ್ರೆ ಉಜ್ಜುವ ನಾರು, ಉಜ್ಜುವ ಪುಡಿ, ಉಗುರುಬಣ್ಣ ತೆಗೆಯುವ ಅಸಿಟೋನ್ ಯಾವುದೂ ಬೇಡ. ಟೂತ್‌ಪೇಸ್ಟ್ ಹಚ್ಚಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಅದರಲ್ಲೂ ಉಜ್ಜುವ ಕಣಗಳಿರುತ್ತವೆ, ಆ ದಿನ ಬೋರ್ಡು ಬೆಳ್ಳಗಾಗಿ, ಕಣ್ಣಿಗೆ ಕಾಣದ ಗೀರುಗಳಲ್ಲಿ ಮುಂದಿನ ತಿಂಗಳು ಇಂಕು ಕೂರುತ್ತದೆ.

ಕಲೆ ಎಷ್ಟು ಬೇಗ ಹಿಡಿಯುತ್ತದೆ ಎಂಬುದು ಮೈಯನ್ನು ಅವಲಂಬಿಸಿದೆ. ಅಗ್ಗದ ಬೋರ್ಡುಗಳು ಒತ್ತಿದ ಹಲಗೆಯ ಮೇಲೆ ಮೆಲಮೈನ್ ಪದರ ಹಾಕಿದವು, ಆ ಪದರಕ್ಕೆ ಸೂಕ್ಷ್ಮ ರಂಧ್ರಗಳಿರುತ್ತವೆ, ದಿನಾ ಬಳಸಿದರೆ ಬೇಗ ಬೂದಾಗುತ್ತದೆ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಬಣ್ಣ ಬಳಿದ ಉಕ್ಕಿನದು ಅದಕ್ಕಿಂತ ಮೇಲು. ಉಕ್ಕಿನ ಮೇಲೆ ಗಾಜಿನಂಥ ಎನಾಮೆಲ್ ಸುಟ್ಟು ಕೂರಿಸಿದ ಪೋರ್ಸಲಿನ್ ಬೋರ್ಡು ಎಲ್ಲಕ್ಕಿಂತ ಬಾಳುತ್ತದೆ, ತೂಕವೂ ಹೆಚ್ಚು. ಗಾಜಿನದು ಸ್ವಚ್ಛ, ಆದರೆ ಅದಕ್ಕೆ ಅಂಟಬೇಕಾದ ಮ್ಯಾಗ್ನೆಟ್ ಪುಟ್ಟದಾದರೂ ಬಲಶಾಲಿಯಾದದ್ದು, ಪುಟ್ಟ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಅಂಥ ಎರಡು ಮ್ಯಾಗ್ನೆಟ್ ನುಂಗಿದರೆ ಹೊಟ್ಟೆಯೊಳಗೆ ಕರುಳಿನ ಮಡಿಕೆಗಳನ್ನು ನಡುವೆ ಸಿಕ್ಕಿಸಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಕರುಳು ತೂತಾಗಬಹುದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಾರ್ಕರಿನ ಮುಚ್ಚಳದ ತಲೆಯಲ್ಲಿ ತೂತು ಇದೆಯೇ ನೋಡಿ ಕೊಳ್ಳಿ. ಗಂಟಲಿಗೆ ಸಿಕ್ಕಿಕೊಂಡರೂ ಉಸಿರು ಆಡಲಿ ಎಂದು ಇಟ್ಟದ್ದು ಅದು. ಮಕ್ಕಳ ಪೆನ್ನು, ಮಾರ್ಕರುಗಳ ಮುಚ್ಚಳಕ್ಕೆಂದೇ ಐಎಸ್‌ಒ 11540 ಎಂಬ ಮಾನದಂಡವಿದೆ. ಮೂರು ವರ್ಷದೊಳಗಿನವರ ಕೈಗೆ ಹೇಗೂ ಮುಚ್ಚಳ ಕೊಡಬಾರದು, ನೀವು ತೆಗೆದು ಮಾರ್ಕರ್ ಕೊಡಿ. ಘಾಟು ವಾಸನೆಯ, ಜೈಲೀನ್ ಎಂಬ ದ್ರಾವಕ ಇರುವ ಮಾರ್ಕರ್ ಬೇಡ, ಆಲ್ಕೋಹಾಲ್ ಅಥವಾ ನೀರು ಆಧಾರದ್ದು ತನ್ನಿ. ಬಣ್ಣಗಳಲ್ಲಿ ಕಪ್ಪು, ನೀಲಿ ದೂರಕ್ಕೂ ಕಾಣುತ್ತವೆ. ಹಳದಿ, ತಿಳಿಗುಲಾಬಿ ಡಬ್ಬಿಯಲ್ಲಷ್ಟೇ ಚೆಂದ. ತುದಿ ದುಂಡಗಿನದು ಮಕ್ಕಳಿಗೆ ಒಳ್ಳೆಯದು, ಉಳಿಯ ಬಾಯಿಯಂಥ ಚಪ್ಪಟೆ ತುದಿಯನ್ನು ತಿರುಗಿಸಿ ಹಿಡಿದಾಗಲೆಲ್ಲ ಗೆರೆ ದಪ್ಪ ತೆಳು ಆಗುತ್ತದೆ.

ಮಾರ್ಕರನ್ನು ಮಲಗಿಸಿಡಿ. ತುದಿ ಮೇಲಾಗಿ ನಿಲ್ಲಿಸಿದರೆ ಬಣ್ಣದ ಪುಡಿ ಕೆಳಗಿಳಿದು ತುದಿ ಮಂಕಾಗುತ್ತದೆ, ತಲೆಕೆಳಗಾಗಿ ಬಹುಕಾಲ ಇಟ್ಟರೆ ಮುಚ್ಚಳದೊಳಗೆ ಸೋರುತ್ತದೆ. ಮಂಕಾದದ್ದನ್ನು ಎಸೆಯುವ ಮುನ್ನ ಮುಚ್ಚಳ ಬಿಗಿಯಾಗಿ ಹಾಕಿ ಒಂದು ರಾತ್ರಿ ತುದಿ ಕೆಳಗಾಗಿ ನಿಲ್ಲಿಸಿ ನೋಡಿ, ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಮುಚ್ಚಳ 'ಟಕ್' ಎನ್ನುವವರೆಗೆ ಒತ್ತುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ಇಂಕು ಮುಗಿದು ಸಾಯುವ ಮಾರ್ಕರಿಗಿಂತ ಮುಚ್ಚಳ ಸಡಿಲವಾಗಿ ಒಣಗಿ ಸಾಯುವವೇ ಹೆಚ್ಚು. ಎರಡನೆಯ ಕಾರಣ ಒತ್ತಿ ಬರೆದು ತುದಿ ಒಳಗೆ ಕುಸಿಯುವುದು. ಒದ್ದೆ ಬೋರ್ಡಿನ ಮೇಲೆ ಬರೆದರೂ ತುದಿ ನೀರು ಕುಡಿದು ಕೆಡುತ್ತದೆ.

ದಿನವೂ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಳೆಯ ಕಾಲುಚೀಲವೊಂದನ್ನು ಕೈಗೆ ತೊಡಿಸಿದರೆ ಡಸ್ಟರ್ ಆಯಿತು, ಮಾರ್ಕರನ್ನು ಅದರೊಳಗೇ ಇಟ್ಟು ಗೂಟಕ್ಕೆ ನೇತುಹಾಕಬಹುದು, ಕೊಳೆಯಾದರೆ ಒಗೆಯಬಹುದು. ಅಂಗಡಿಯ ಡಸ್ಟರಿನ ಉಣ್ಣೆ ಪುಡಿ ತುಂಬಿ ಕಪ್ಪಾದ ಮೇಲೆ ಒರೆಸುವುದಿಲ್ಲ, ಬಳಿಯುತ್ತದೆ. ವಾರಕ್ಕೊಮ್ಮೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಒರೆಸಿ, ಮತ್ತೆ ಬರಿ ನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಎರಡನೆಯ ಒರೆಸು ತಪ್ಪಿಸಿದರೆ ಸೋಪಿನ ಪೊರೆ ಉಳಿದು, ಇಂಕು ಹನಿಹನಿಯಾಗಿ ನಿಲ್ಲುತ್ತದೆ ಅಥವಾ ಒರೆಸಿದರೆ ಹೋಗುವುದಿಲ್ಲ, ಆಗ ನಾವು ಮಾರ್ಕರನ್ನು ಬೈಯುತ್ತೇವೆ.

ಬಟ್ಟೆಗೆ ತಾಗಿದರೆ ಮೊದಲು ನೀರು ಹಾಕಬೇಡಿ, ಉಜ್ಜಬೇಡಿ. ಕಲೆಯ ಕೆಳಗೆ ಒಂದು ಹಳೆಯ ಬಟ್ಟೆ ಇಟ್ಟು, ಮೇಲಿಂದ ಆಲ್ಕೋಹಾಲ್ ಅಥವಾ ಹ್ಯಾಂಡ್ ಸ್ಯಾನಿಟೈಸರ್ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆಯಿರಿ, ಬಣ್ಣ ಕೆಳಗಿನ ಬಟ್ಟೆಗೆ ಇಳಿಯುತ್ತ ಹೋಗುತ್ತದೆ, ಅದನ್ನು ಆಗಾಗ ಸರಿಸುತ್ತಿರಿ. ಆಮೇಲೆ ತಣ್ಣೀರಲ್ಲಿ ಒಗೆಯಿರಿ. ಕಲೆ ಪೂರ್ತಿ ಹೋಗುವ ಮುನ್ನ ಬಿಸಿನೀರಿಗೆ ಹಾಕಿದರೆ, ಇಸ್ತ್ರಿ ಮಾಡಿದರೆ ಅಲ್ಲೇ ಕೂತುಬಿಡುತ್ತದೆ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯ ಅಂಚಿಗೆ ಒಂದು ಹನಿ ಹಾಕಿ, ಬಟ್ಟೆಯ ಬಣ್ಣವೇ ಬಿಡುತ್ತದೆಯೋ ಎಂದು ಮೊದಲು ನೋಡಿಕೊಳ್ಳಿ.